ಜೋಡಿ ಬದಲಾದರೂ ಗುಣ ಕೆಡದಿರಲಿ

ಕಲ್ಪಿತ ಪಾತ್ರಕ್ಕೆ ಅನ್ಯಾಯವಾಗುವುದು ಸಾಧ್ಯವೇ? ರೇಖೆ ಮತ್ತು ಬಣ್ಣಗಳಿಂದಾದ, ಉಸಿರಿಲ್ಲದ ವ್ಯಕ್ತಿಗೆ ನೋವೆಲ್ಲಿಯದು ಎಂದು ಯಾರಾದರೂ ಕೇಳಬಹುದು. ಆದರೆ ಪಾತ್ರದ ಕುರಿತು ಸುಳ್ಳಾಡುವ ಲೇಖನಿ ಮನುಷ್ಯಸ್ವಭಾವದ ಕುರಿತೂ ಸುಳ್ಳಾಡುತ್ತದೆ. ಆ ನಷ್ಟ ಬರೆಯುವವರದು, ಓದುವವರದು.

ಮೆಚ್ಚಿನ ಚಿತ್ರಕಥೆಗಳ ಪಾತ್ರಗಳನ್ನು ಎತ್ತಿಕೊಂಡು ಅಭಿಮಾನಿಗಳೇ ಹೊಸ ಕಥೆ ಹೆಣೆಯುವ ರೂಢಿ ಜಪಾನಿನಲ್ಲಿ ಹಳೆಯದು. ಹವ್ಯಾಸಿಗಳು ತಾವೇ ಅಚ್ಚುಹಾಕಿಸುವ ಪುಸ್ತಿಕೆಗಳಿಗೆ ಅಲ್ಲಿ ದೋಜಿನ್‌ಶಿ ಎಂಬ ಹೆಸರು. ಅವುಗಳ ಮೇಳವಾದ ಕಾಮಿಕ್ ಮಾರ್ಕೆಟ್ ಟೋಕಿಯೋದಲ್ಲಿ 1975ರಲ್ಲಿ ಆರಂಭವಾಯಿತು. ಮೂಲದಲ್ಲಿ ಕೂಡದ ಇಬ್ಬರನ್ನು ಕೂಡಿಸುವ ಪರ್ಯಾಯ ಜೋಡಿಯ ಕಥೆಗಳು ಇಂತಹ ಬರಹಗಳಲ್ಲಿ ಹೇರಳ. ಪಾತ್ರವು ತನ್ನ ಗುಣವನ್ನೇ ಕಳೆದುಕೊಂಡರೆ ಅಲ್ಲಿಯ ಓದುಗರು ಅದನ್ನು ‘ಕ್ಯಾರಾ ಹೋಕಾಯಿ’, ಅಂದರೆ ಪಾತ್ರದ ಕುಸಿತ, ಎನ್ನುತ್ತಾರೆ.

ಮಸಾಶಿ ಕಿಶಿಮೋಟೊ ಅವರ ‘ನರುಟೊ’ವನ್ನೇ ನೋಡಬಹುದು. 1999ರಿಂದ 2014ರವರೆಗೆ ಧಾರಾವಾಹಿಯಾಗಿ ಬಂದ ಈ ಮಾಂಗಾ 2002ರಲ್ಲಿ ಅನಿಮೆಯಾಗಿ ಕಿರುತೆರೆಗೆ ಬಂದಿತು. ಕೊನೆಯಲ್ಲಿ ನರುಟೊನಿಗೆ ಹಿನಾಟಾ, ಸಾಸುಕೆಗೆ ಸಕುರಾ ಮಡದಿಯರಾಗುತ್ತಾರೆ. ಆದರೆ ನರುಟೊ ಮತ್ತು ಸಕುರಾ ಒಂದಾಗಬೇಕೆಂದು ಬಯಸಿ ಬರೆದವರು ಅನೇಕರು.

ವಿಶೇಷವೆಂದರೆ ಮೂಲ ಲೇಖಕರೇ ಈ ಜೋಡಿಯನ್ನು ಒಮ್ಮೆ ಒರೆಗೆ ಹಚ್ಚಿದ್ದಾರೆ. ಊರು ತೊರೆದ ಸಾಸುಕೆಯನ್ನು ಮರಳಿ ತರುವೆನೆಂದು ನರುಟೊ ಸಕುರಾಳಿಗೆ ಮಾತು ಕೊಟ್ಟಿರುತ್ತಾನೆ. ಆ ಮಾತಿನ ಭಾರದಿಂದ ಅವನನ್ನು ಬಿಡಿಸಲೆಂದು ಅವಳು ಹಿಮದ ನಾಡಿಗೆ ಬಂದು, ತಾನು ಪ್ರೀತಿಸುವುದು ಅವನನ್ನೇ ಎನ್ನುತ್ತಾಳೆ. ಬಾಲ್ಯದಿಂದ ಆ ಮಾತಿಗಾಗಿ ಹಂಬಲಿಸಿದ್ದ ಹುಡುಗ ಹಿಗ್ಗುವುದಿಲ್ಲ. ತನಗೆ ತಾನೇ ಸುಳ್ಳು ಹೇಳಿಕೊಳ್ಳುವವರು ತನಗೆ ಹಿಡಿಸುವುದಿಲ್ಲವೆಂದು ಅದನ್ನು ನಿರಾಕರಿಸುತ್ತಾನೆ. ಬಯಸಿದ್ದು ಕೈಗೆ ಬಂದಾಗಲೂ ಅದು ಸತ್ಯವಲ್ಲವೆಂದು ಬಿಡಬಲ್ಲವನೇ ನರುಟೊ. ಅವನ ಹೆಸರಿನಲ್ಲಿ ಬರೆಯುವವರು ಮೊದಲು ಅರಿಯಬೇಕಾದುದು ಇದನ್ನು.

ಮಾತಿನ ಕೊನೆಗೆ ‘ದತ್ತೆಬಾಯೊ’ ಸೇರಿಸಿ, ಕೈಗೊಂದು ಬಟ್ಟಲು ರಾಮೆನ್ ಕೊಟ್ಟರೆ ನರುಟೊ ಆಗುವುದಿಲ್ಲ. ಅವು ಹೊರಗುರುತುಗಳು ಮಾತ್ರ. ಒಡಲೊಳಗೆ ನರಿಭೂತವನ್ನು ಹೊತ್ತು, ಊರವರಿಂದ ದೂರವಿಡಲ್ಪಟ್ಟ ಅನಾಥ, ಯಾರಾದರೂ ತನ್ನತ್ತ ನೋಡಲಿ ಎಂದು ಗದ್ದಲವೆಬ್ಬಿಸುತ್ತಾನೆ. ಈ ಕಾರಣ ತಿಳಿದವರಿಗೆ, ಮೂಲದಲ್ಲಿಲ್ಲದ ಸನ್ನಿವೇಶದಲ್ಲಿಯೂ ಅವನು ಹೇಗೆ ನಡೆದುಕೊಂಡಾನು ಎಂಬುದು ಹೊಳೆಯುತ್ತದೆ.

ಹಾಗಾದರೆ ಪರ್ಯಾಯ ಜೋಡಿ ಅಸಾಧ್ಯವೇ? ಅಲ್ಲ. ಬೀಜ ಮೂಲದಲ್ಲಿಯೇ ಇದೆ. ಮಹಾಯುದ್ಧದಲ್ಲಿ ನರುಟೊ ಸಾವಿನಂಚಿಗೆ ಸರಿದಾಗ, ಸಕುರಾ ಅವನ ಪಕ್ಕೆಯನ್ನು ಸೀಳಿ ತನ್ನ ಕೈಯಿಂದಲೇ ಹೃದಯವನ್ನು ಒತ್ತಿ ಬಡಿಸುತ್ತಾಳೆ. ಲೇಖಕರು ಒಂದೇ ಒಂದು ಸಂಗತಿಯನ್ನು ಬದಲಿಸಲಿ: ಸಾಸುಕೆ ಮರಳಲೇ ಇಲ್ಲವೆನ್ನಲಿ. ಮಿಕ್ಕದ್ದು ಆ ಒಂದರಿಂದ ಬೆಳೆಯಲಿ. ಆಗಲೂ ಸಕುರಾಳ ಹಳೆಯ ಪ್ರೀತಿ ಒಂದು ಪುಟದಲ್ಲಿ ಆರಲಾರದು. ನರುಟೊ ಕೊಟ್ಟ ಮಾತನ್ನು ಮರೆಯಲಾರ. ಕಾಣೆಯಾದ ಗೆಳೆಯನ ನೆರಳಿನಲ್ಲಿಯೇ ಇಬ್ಬರೂ ಬಾಳಬೇಕಾಗುತ್ತದೆ. ಅದು ಕಷ್ಟದ ಕಥೆ, ಆದರೆ ನಂಬಬಹುದಾದ ಕಥೆ.

ನಿಜವಾದ ಪರೀಕ್ಷೆ ಇರುವುದು ಹಿನಾಟಾಳಲ್ಲಿ. ತನ್ನ ಜೋಡಿಗೆ ದಾರಿ ಮಾಡಲು ಅವಳನ್ನು ಹೊಟ್ಟೆಕಿಚ್ಚಿನವಳಾಗಿ ಚಿತ್ರಿಸುವುದು, ಇಲ್ಲವೇ ಸದ್ದಿಲ್ಲದೆ ಕೊಂದುಬಿಡುವುದು ಸುಲಭ. ಆದರೆ ಸೋಲು ಖಚಿತವೆಂದು ತಿಳಿದೂ ನರುಟೊನನ್ನು ಕಾಯಲು ಪೇಯ್ನ್ ಎಂಬ ಬಲಶಾಲಿಯ ಎದುರು ನಿಂತ ಸಂಕೋಚದ ಹುಡುಗಿ ಅವಳು. ಅವಳ ಪಾಲಿನ ದುಃಖವನ್ನು ಅವಳ ಘನತೆಗೆ ತಕ್ಕಂತೆ ಬರೆಯುವ ಧೈರ್ಯ ಲೇಖಕರಿಗೆ ಬೇಕು. ತನಗೆ ಪ್ರಿಯವಾದುದನ್ನು ಪಡೆಯಲು ಅಡ್ಡ ಬಂದವರನ್ನು ಕೆಟ್ಟವರೆಂದು ಸಾರುವ ಚಟ ಕಥೆಯಲ್ಲಿ ಮಾತ್ರ ಇರುವುದಲ್ಲ. ಬಾಳಿನಲ್ಲಿಯೂ ಅದು ನಿತ್ಯದ್ದು. ಕಾಗದದ ಮೇಲೆ ಅದನ್ನು ತಡೆಯಲು ಕಲಿತವರು ಮನೆ ಬೀದಿಗಳಲ್ಲಿಯೂ ಕೊಂಚ ನ್ಯಾಯವಂತರಾದಾರು.