ಎದೆ ಭಾರ ಎಂದವರಿಗೆ ಕಿವಿಗೊಡುವುದು

‘ಎದೆ ಭಾರ, ಹೊಟ್ಟೆಯಲ್ಲಿ ಸಂಕಟ’ ಎನ್ನುವವರಿಗೆ ತಮ್ಮ ಮನಸ್ಸೇ ಗೊತ್ತಿಲ್ಲ ಎಂದು ತೀರ್ಮಾನಿಸುವುದು ತಪ್ಪು. ಬೆಂಗಳೂರಿನ ನಿಮ್ಹಾನ್ಸ್‌ನ ರಘುರಾಮ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಿನ್ನತೆಗೆ ಅಂಟುವ ಕಳಂಕ ಮೈನೋವಿಗೆ ಅಷ್ಟಾಗಿ ಅಂಟದಿರುವುದು ಕಂಡಿತು. ಮರ್ಯಾದೆ ಉಳಿಸಿಕೊಂಡು ದುಃಖ ಹೇಳಲು ಮೈ ಒಂದು ದಾರಿ. ಷಿಕಾಗೊದಲ್ಲಿ ಮನೋಚಿಕಿತ್ಸೆಯ ಧ್ವನಿಮುದ್ರಣಗಳನ್ನು ಅಭ್ಯಾಸ ಮಾಡಿದ ಮನಶ್ಶಾಸ್ತ್ರಜ್ಞ ಯೂಜೀನ್ ಜೆಂಡ್ಲಿನ್ ಕಂಡದ್ದೂ ಇದಕ್ಕೆ ಹತ್ತಿರವೇ: ಹೆಚ್ಚು ಸುಧಾರಿಸಿದವರು ಮಾತಿನ ನಡುವೆ ತಡೆದು, ಒಳಗಿನ ಅಸ್ಪಷ್ಟ ಮೈಯನುಭವವನ್ನು ತಡಕಿ, ‘ಸಿಟ್ಟು... ಉಹೂಂ, ಅವಮಾನ’ ಎಂಬಂತೆ ಪದ ತಿದ್ದಿಕೊಳ್ಳುವವರು. ಇದನ್ನೇ ಅವರು 1978ರ ‘ಫೋಕಸಿಂಗ್’ ಪುಸ್ತಕದಲ್ಲಿ ಯಾರು ಬೇಕಾದರೂ ಕಲಿಯಬಹುದಾದ ಅಭ್ಯಾಸವಾಗಿ ವಿವರಿಸಿದರು.

ಮೈಯನ್ನೇ ಗಮನಿಸುತ್ತ ಕೂತರೆ ಆತಂಕ ಹೆಚ್ಚುವುದಿಲ್ಲವೇ? ಹೆಚ್ಚಬಹುದು, ಎದೆಬಡಿತ ಎಣಿಸುತ್ತ ಹೆದರುವವರಿಗಂತೂ. ಎದೆನೋವಾದರೆ ಮೊದಲು ವೈದ್ಯರನ್ನೇ ಕಾಣಬೇಕು (ಇದರಲ್ಲಿ ರಾಜಿ ಬೇಡ). ಆದರೆ ಪರೀಕ್ಷೆಯೆಲ್ಲ ಸರಿ ಬಂದಮೇಲೂ ಭಾರ ಉಳಿದಿದ್ದರೆ, ‘ಏನೂ ಇಲ್ಲ, ಹೋಗಿ’ ಎಂದು ಕಳಿಸುವುದು ಕ್ರೂರ. ಆಪ್ತಸಮಾಲೋಚಕರು ಅವಸರಿಸದೆ, ‘ಆ ಭಾರ ಯಾವಾಗ ಏರುತ್ತದೆ, ಯಾರ ನೆನಪಾದಾಗ?’ ಎಂದು ಕೇಳಿದರೆ, ಅಷ್ಟು ದಿನ ಮೈಯೊಂದೇ ಹೊತ್ತದ್ದು ಮೆಲ್ಲಗೆ ಬಾಯಿಗೂ ಬರುತ್ತದೆ.