ಬಚ್ಚಲಿಗೆ ಯಾವ ಬಾಗಿಲು? ಚಿದ್ರಿಯ ನಮ್ಮ ಮನೆಯ ಲೆಕ್ಕ

ನಮ್ಮ ಚಿದ್ರಿಯ ಹಳೇ ಮನೆಗಳಲ್ಲಿ ಬಚ್ಚಲಿನ ಬಾಗಿಲು ದೊಡ್ಡ ಮಾತೇ ಆಗಿರಲಿಲ್ಲ. ಹಿತ್ತಲ ಮೂಲೆಯಲ್ಲಿ ಶಹಾಬಾದ್ ಪರಸಿ ನಿಲ್ಲಿಸಿ, ಮುಂದೆ ಹಳೇ ಸೀರೆಯನ್ನೋ ತಗಡನ್ನೋ ಕಟ್ಟಿದರೆ ಬಚ್ಚಲು ಆಯಿತು. ಹೆಣ್ಣುಮಕ್ಕಳು ಗಂಡಸರು ಏಳುವ ಮೊದಲೇ, ನಸುಕಿನಲ್ಲಿ ಜಳಕ ಮುಗಿಸಬೇಕಿತ್ತು. ಆಮೇಲೆ ಬಚ್ಚಲು ಮನೆಯೊಳಗೆ ಬಂತು. ತಗಡಿನ ಬಾಗಿಲು ಬಂತು. ಅದು ತುಕ್ಕು ಹಿಡಿದ ಮೇಲೆ ಪಿವಿಸಿ ಬಾಗಿಲು ಬಂತು. ಈಗ ಬೀದರ್ ಪೇಟೆಯ ಅಂಗಡಿಗಳಲ್ಲಿ ಗ್ಲಾಸಿನ ಬಾಗಿಲುಗಳೂ ನಿಂತಿವೆ.

ಈ ವರ್ಷ ನಮ್ಮ ಮನೆಯ ಬಚ್ಚಲನ್ನು ಹೊಸದು ಮಾಡುವಾಗ ಈ ಗ್ಲಾಸಿನ ಮಾತು ನಮ್ಮ ಮನೆಗೂ ಬಂತು. ಅಣ್ಣ ಹೈದರಾಬಾದಿನಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿನ ಫ್ಲ್ಯಾಟುಗಳಲ್ಲಿ ಶವರಿನ ಸುತ್ತ ಗ್ಲಾಸು ಹಾಕಿರುತ್ತಾರೆ, ಈ ಕಡೆ ನೆಲ ಒಣಗಿಯೇ ಇರುತ್ತದೆ, ನಮ್ಮಲ್ಲೂ ಹಾಗೇ ಮಾಡೋಣ ಅಂದ. ಆಯಿ ಕೂತಲ್ಲಿಂದಲೇ ಕೇಳಿದಳು: "ಏನೋ ತಮ್ಮಾ, ಗ್ಲಾಸಿನ ಬಾಗ್ಲಾ ಹಚ್ಚಿ ನನಗ ಎಲ್ಲಾರಿಗೂ ತೋರಸ್ತೀ ಏನ್?" ಎಲ್ಲರೂ ನಕ್ಕೆವು. ಆದರೆ ಮನೆಯಲ್ಲಿ ಬಚ್ಚಲಿನ ಬಗ್ಗೆ ಮಾತಾಡುವ ಹಕ್ಕು ಎಲ್ಲರಿಗಿಂತ ಹೆಚ್ಚು ಇರುವುದು ಅವಳಿಗೇ.

ಯಾಕೆಂದರೆ ಹೋದ ಚಳಿಗಾಲದಲ್ಲಿ ಆಯಿ ಬಚ್ಚಲಲ್ಲಿ ಜಾರಿ ಬಿದ್ದಳು. ಬಿದ್ದದ್ದು ಬಾಗಿಲಿಗೆ ಅಡ್ಡಲಾಗಿ. ಬಾಗಿಲು ಒಳಕ್ಕೆ ತೆರೆಯುವಂಥದ್ದು, ಒಳಗಿನಿಂದ ಚಿಲಕ ಹಾಕಿತ್ತು. ಹೊರಗೆ ನಾವು ಇಷ್ಟು ಜನ ಇದ್ದರೂ ಒಳಗೆ ಹೋಗಲು ಆಗಲಿಲ್ಲ. ಜೋರಾಗಿ ನೂಕಿದರೆ ಅವಳಿಗೇ ಪೆಟ್ಟು. ಕೊನೆಗೆ ಪಕ್ಕದ ಮನೆಯ ಕಾಕಾ ಪಾನಾ, ಸ್ಕ್ರೂಡ್ರೈವರ್ ತಂದು ಬಾಗಿಲಿನ ಮೇಲಿನ ಹಲಗೆ ಬಿಚ್ಚಿದರು, ತೆಳ್ಳಗಿನ ಹುಡುಗನೊಬ್ಬನನ್ನು ಒಳಗೆ ಇಳಿಸಿದೆವು. ದೇವರ ದಯೆ, ಮೂಳೆ ಮುರಿದಿರಲಿಲ್ಲ. ಆದರೆ ಅಷ್ಟು ಹೊತ್ತು ಆಯಿ ತಣ್ಣನೆಯ ನೆಲದ ಮೇಲೆ ಒದ್ದೆ ಮೈಯಲ್ಲೇ ಇದ್ದಳು.

ಹಾಗಾಗಿ ಅಂಗಡಿಗೆ ಹೋಗುವ ಮೊದಲೇ ಮನೆಯಲ್ಲಿ ಕೂತು ಮೂರು ಮಾತು ಗಟ್ಟಿ ಮಾಡಿಕೊಂಡೆವು. ಒಂದು, ಬಚ್ಚಲಿನ ಬಾಗಿಲು ಹೊರಕ್ಕೆ ತೆರೆಯಬೇಕು. ಎರಡು, ಚಿಲಕ ಒಳಗಿನಿಂದ ಹಾಕುವಂಥದ್ದೇ ಇರಲಿ, ಆದರೆ ಹೊತ್ತು ಬಂದರೆ ಹೊರಗಿನಿಂದ ತೆರೆಯಲು ಬರಬೇಕು. ಹೊರಬದಿಯಲ್ಲಿ ಸಣ್ಣ ಗೀರು ಇರುವ ಚಿಲಕ ಸಿಗುತ್ತದೆ, ಒಂದು ನಾಣ್ಯ ಇಟ್ಟು ತಿರುಗಿಸಿದರೆ ತೆರೆಯುತ್ತದೆ. ಮೂರು, ಬಾಗಿಲು ಅಗಲ ಇರಬೇಕು. ನಮ್ಮ ಹಳೇ ಬಾಗಿಲು 24 ಇಂಚು ಇತ್ತು, ಆಯಿಯ ಕೈ ಹಿಡಿದು ಜೊತೆಗೆ ಒಳಗೆ ಹೋಗಲು ಬರುತ್ತಿರಲಿಲ್ಲ. ಗೌಂಡಿಗೆ ಹೇಳಿ 30 ಇಂಚು ಮಾಡಿಸಿದೆವು. ಹೊಸ್ತಿಲನ್ನೂ ಎಡವದಂತೆ ತಗ್ಗಿಸಿದೆವು.

ಬಾಗಿಲಿನ ತಳದ ಸಂದು ಇನ್ನೊಂದು ವಿಷಯ. ನೀರು ಹೊರಗೆ ಬರಬಾರದು ಅಂತ ಕೆಲವರು ಕೆಳಗೆ ರಬ್ಬರ್ ಪಟ್ಟಿ ಹಚ್ಚಿ ಪೂರ್ತಿ ಮುಚ್ಚುತ್ತಾರೆ. ಬಚ್ಚಲೊಳಗೆ ಗ್ಯಾಸ್ ಗೀಸರ್ ಇದ್ದರೆ ಇದು ಜೀವಕ್ಕೆ ಕುತ್ತು. ಗಾಳಿ ಆಡದ ಕೋಣೆಯಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ. ತಲೆ ತಿರುಗಿತು ಅನ್ನುವಷ್ಟರಲ್ಲಿ ಮನುಷ್ಯ ಬಿದ್ದಿರುತ್ತಾನೆ. ನಮ್ಮ ಕಡೆ ಚಳಿಗಾಲದಲ್ಲಿ ಕಿಟಕಿಯನ್ನೂ ಮುಚ್ಚಿಕೊಂಡೇ ಜಳಕ ಮಾಡುತ್ತೇವೆ, ಆಗ ಅಪಾಯ ಇನ್ನೂ ಹೆಚ್ಚು. ನಾವು ಗೀಸರನ್ನು ಹೊರಗಿನ ಗೋಡೆಗೆ ಹಾಕಿಸಿ ಪೈಪಿನಲ್ಲಿ ಬಿಸಿನೀರು ತಂದುಕೊಂಡೆವು. ಬಾಗಿಲಿನ ಕೆಳಗೆ ಗಾಳಿ ಆಡಲು ಜಾಲಿ ಬಿಡಿಸಿದೆವು. ನೀರು ಹೊರಗೆ ಬರದಂತೆ ತಡೆಯುವುದು ನೆಲದ ಇಳಿಜಾರಿನ ಕೆಲಸ. ಇಳಿಜಾರು ಮೋರಿಯ ಕಡೆ ಸರಿಯಾಗಿ ಇಲ್ಲದಿದ್ದರೆ ಎಂಥ ಬಾಗಿಲು ಹಾಕಿದರೂ ಹೊರಗೆ ಒದ್ದೆಯೇ.

ಇನ್ನು ಗ್ಲಾಸು. ಅಣ್ಣನ ಮಾತಿನಲ್ಲಿ ಸತ್ಯವೂ ಇತ್ತು. ನಮ್ಮದು ಸಂಡಾಸು, ಬಚ್ಚಲು ಎರಡೂ ಒಂದೇ ಕೋಣೆ. ಒಬ್ಬರು ಜಳಕ ಮಾಡಿದರೆ ಪೂರ್ತಿ ನೆಲ ಒದ್ದೆ. ಆಯಿ ಜಾರಿದ್ದೂ ಅಂಥ ಒದ್ದೆ ನೆಲದ ಮೇಲೇ. ನಡುವೆ ಒಂದು ಅಡ್ಡ ಬೇಕೇ ಬೇಕಿತ್ತು.

ಬಚ್ಚಲಿಗೆ ಮಾಮೂಲಿ ಕಿಟಕಿ ಗ್ಲಾಸು ಹಾಕಲೇಬಾರದು. ಒಡೆದರೆ ಚೂರಿಯಂಥ ಚೂರು. ಹಾಕುವುದಾದರೆ ಟಫನ್ಡ್ ಗ್ಲಾಸೇ ಆಗಬೇಕು. ಇದನ್ನು 600 ಡಿಗ್ರಿಗೂ ಹೆಚ್ಚು ಕಾಯಿಸಿ, ಗಾಳಿ ಊದಿ ತಟ್ಟನೆ ತಣಿಸಿರುತ್ತಾರೆ. ಅದರಿಂದ ಗಟ್ಟಿ ಬರುತ್ತದೆ, ಒಡೆದರೂ ಜೋಳದ ಕಾಳಿನಂಥ ಸಣ್ಣ ತುಂಡಾಗುತ್ತದೆ. ಮೂಲೆಯಲ್ಲಿ ಕಂಪನಿಯ ಮುದ್ರೆ ಇದೆಯಾ, ಐಎಸ್ 2553 ಅಂತ ಬರೆದಿದೆಯಾ ನೋಡಿ. ದಪ್ಪ 8 ಮಿಲಿಮೀಟರಿಗೆ ಕಮ್ಮಿ ಬೇಡ. ಒಮ್ಮೆ ಕಾಯಿಸಿದ ಮೇಲೆ ಈ ಗ್ಲಾಸನ್ನು ಕೊಯ್ಯಲು, ತೂತು ಕೊರೆಯಲು ಬರುವುದಿಲ್ಲ. ಆದ್ದರಿಂದ ಟೈಲ್ಸು ಕೂಡಿಸಿ ಮುಗಿದ ಮೇಲೆಯೇ ಅಳತೆ ಕೊಡಬೇಕು. ಇದರ ದುರ್ಬಲ ಜಾಗ ಅಂಚು ಮತ್ತು ಮೂಲೆ, ಅಲ್ಲಿಗೆ ಕಬ್ಬಿಣದ ಬಕೆಟ್ ತಗುಲದಂತೆ ನೋಡಿಕೊಳ್ಳಬೇಕು.

ಅಂಗಡಿಯಲ್ಲಿ ಮೂರು ಬಗೆ ತೋರಿಸಿದರು: ಜಾರುವ ಬಾಗಿಲು, ಬಿಜಾಗರಿ ಬಾಗಿಲು, ಅಲುಗಾಡದೆ ನಿಲ್ಲುವ ಒಂದೇ ಹಲಗೆ. ಯಾವುದು ಬೇಕು ಅನ್ನುವುದನ್ನು ತೀರ್ಮಾನಿಸಿದ್ದು ನಮ್ಮ ನೀರು.

ಬೀದರ್ ನಿಂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ದಿಬ್ಬದ ಮೇಲೆ, ಅದರ ಕೆಳಗೆ ಕರಿಕಲ್ಲು. ಮಳೆನೀರು ಕೆಂಪು ಕಲ್ಲಿನಲ್ಲಿ ಇಳಿದು ಕರಿಕಲ್ಲಿನ ಮೇಲೆ ನಿಲ್ಲುತ್ತದೆ. ಬಹಮನಿ ಸುಲ್ತಾನರ ಕಾಲದಲ್ಲಿ ನೌಬಾದ್ ಹತ್ತಿರ ತೋಡಿದ ಸುರಂಗ ಬಾವಿ ಹಿಡಿದದ್ದು ಈ ನೀರನ್ನೇ. ನಮ್ಮ ಬೋರು ಹಾಗಲ್ಲ, ಕರಿಕಲ್ಲನ್ನು ಕೊರೆದು ಆಳಕ್ಕೆ ಹೋಗಿದೆ, ನೀರು ಗಡುಸು. ಸಾಬೂನು ನೊರೆ ಬಿಡುವುದಿಲ್ಲ, ಹಂಡೆಯ ತಳದಲ್ಲಿ ಬಿಳಿ ಹೆಕ್ಕಳೆ ಕಟ್ಟುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಅನ್ನುತ್ತದೆ ಭಾರತೀಯ ಮಾನಕ. ನಿಮ್ಮ ಬೋರಿನ ಅಂಕಿ ಎಷ್ಟು ಅಂತ ಒಮ್ಮೆ ಪರೀಕ್ಷೆ ಮಾಡಿಸಿ, ಆಮೇಲೆ ಬಾಗಿಲು ನೋಡಿ.

ಗಡುಸು ನೀರಿಗೆ ಜಾರುವ ಬಾಗಿಲು ಹೊಂದುವುದಿಲ್ಲ. ಕೆಳಗಿನ ಪಟ್ಟಿಯಲ್ಲಿ ಸಾಬೂನು, ಕೂದಲು, ಸುಣ್ಣ ಕೂಡಿ ಗಾಲಿ ಹಿಡಿದುಕೊಳ್ಳುತ್ತವೆ. ಬಿಜಾಗರಿ ಬಾಗಿಲು ತೆರೆಯಲು ಜಾಗ ಬೇಕು, ಅದು ನಮ್ಮಲ್ಲಿ ಇರಲಿಲ್ಲ. ಹಾಗಾಗಿ ನಿಂತ ಹಲಗೆ ಒಂದನ್ನೇ ಹಾಕಿಸಿ, ಉಳಿದ ಅರ್ಧಕ್ಕೆ ಪ್ಲಾಸ್ಟಿಕ್ ಪಡದೆ ಬಿಟ್ಟೆವು. ಪಡದೆ ಸರಿಸಿದರೆ ಆಯಿಯ ಮಣೆಯ ಪಕ್ಕ ಇನ್ನೊಬ್ಬರು ನಿಂತು ನೀರು ಹಾಕಬಹುದು. ಗ್ಲಾಸು ಮಂಜು ಮುಸುಕಿದಂಥದ್ದು, ಆಚೆ ಕಾಣುವುದಿಲ್ಲ. ಅದರ ಒರಟು ಮೈ ಒಣ ನೆಲದ ಕಡೆ ಬರುವಂತೆ ಕೂಡಿಸಿದೆವು, ಒರಟು ಮೈಗೆ ಕಲೆ ಬೇಗ ಹಿಡಿಯುತ್ತದೆ. ಹಿಡಿಕೆ, ಸ್ಕ್ರೂ ಎಲ್ಲ 304 ದರ್ಜೆಯ ಸ್ಟೀಲು. ಆಯಿ ಹಿಡಿದುಕೊಳ್ಳುವ ರಾಡು ಮಾತ್ರ ಗ್ಲಾಸಿಗೆ ಅಲ್ಲ, ಗೋಡೆಗೆ.

ಹಾಕಿಸುವುದು ಒಂದು ದಿನದ ಕೆಲಸ, ಒರೆಸುವುದು ದಿನದ ಕೆಲಸ. ನೀರಿನ ಹನಿ ಗ್ಲಾಸಿನ ಮೇಲೆಯೇ ಒಣಗಿದರೆ ಸುಣ್ಣ ಉಳಿಯುತ್ತದೆ. ಜಳಕ ಆದ ತಕ್ಷಣ ರಬ್ಬರ್ ವೈಪರಿನಿಂದ ಮೇಲಿಂದ ಕೆಳಗೆ ಎಳೆದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಕಲೆ ಕೂತಿದ್ದರೆ ವಿನೆಗರ್ ಅಥವಾ ನಿಂಬೆರಸ ಹಚ್ಚಿ, ಹತ್ತು ನಿಮಿಷ ಬಿಟ್ಟು ಮೆತ್ತನೆ ಬಟ್ಟೆಯಿಂದ ಒರೆಸಿ, ತೊಳೆಯಿರಿ. ಆದರೆ ನೆಲಕ್ಕೆ ಶಹಾಬಾದ್ ಪರಸಿ ಇದ್ದರೆ ಹುಳಿ ಅದರ ಮೇಲೆ ಬೀಳಬಾರದು. ಅದು ಸುಣ್ಣದ ಕಲ್ಲು, ಹುಳಿ ತಿಂದುಬಿಡುತ್ತದೆ. ಪಾತ್ರೆ ತಿಕ್ಕುವ ತಂತಿ ಬೇಡ, ಗೀರು ಬೀಳುತ್ತದೆ. ಟೈಲ್ಸು ತೊಳೆಯುವ ಆಸಿಡ್ ಸ್ಟೀಲನ್ನು ಹಾಳು ಮಾಡುತ್ತದೆ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರನ್ನು ಯಾವತ್ತೂ ಕೂಡಿಸಬೇಡಿ, ಕ್ಲೋರಿನ್ ವಿಷಗಾಳಿ ಏಳುತ್ತದೆ.

ಮೊದಲ ವಾರ ಈ ಒರೆಸುವ ಕೆಲಸ ತಾನಾಗಿ ವೈನಿಯ ಪಾಲಿಗೆ ಹೋಯಿತು. ಮನೆಯಲ್ಲಿ ಹೊಸದೇನು ಬಂದರೂ ಅದರ ಚಾಕರಿ ಹೆಣ್ಣುಮಕ್ಕಳಿಗೇ ಅಲ್ಲವೇ! ಎಂಟನೇ ದಿನ ವೈನಿ ವೈಪರ್ ತಂದು ನಡುಮನೆಯಲ್ಲಿ ಇಟ್ಟು ಹೇಳಿದಳು: "ಯಾರ್ ಜಳಕ ಮಾಡ್ತಾರ ಅವ್ರೇ ಒರಸ್ಬೇಕ್ರಿ. ಇಲ್ಲಂದ್ರ ಗ್ಲಾಸ್ ತಗಸ್ರಿ." ಈಗ ವೈಪರ್ ಪಡದೆಯ ಪಕ್ಕದ ಮೊಳೆಗೆ ನೇತಾಡುತ್ತಿದೆ. ಅಪ್ಪನೂ ಒರೆಸುತ್ತಾರೆ, ಹೈದರಾಬಾದಿನಿಂದ ಬಂದಾಗ ಅಣ್ಣನೂ ಒರೆಸುತ್ತಾನೆ. ಆಯಿಗೆ ಮಾತ್ರ ರಿಯಾಯಿತಿ.

ಗ್ಲಾಸಿಗೆ ಹಣ ಇಲ್ಲ ಅನ್ನುವವರು ಬೇಜಾರು ಮಾಡಿಕೊಳ್ಳಬೇಕಿಲ್ಲ, ಪಡದೆಯೊಂದೇ ಸಾಕಷ್ಟು ಕೆಲಸ ಮಾಡುತ್ತದೆ. ಹೊಸ ಬಾಗಿಲೂ ಬೇಕೇ ಬೇಕು ಅಂತಿಲ್ಲ. ಹಳೇ ಬಾಗಿಲನ್ನೇ ಬಿಜಾಗರಿ ಬದಲಿಸಿ ಹೊರಕ್ಕೆ ತೆರೆಯುವಂತೆ ಕೂಡಿಸಬಹುದು, ಚೌಕಟ್ಟಿನ ಒಳಬದಿಗೆ ಒಂದು ತಡೆಪಟ್ಟಿ ಹೊಡೆಯಬೇಕಾಗುತ್ತದೆ ಅಷ್ಟೆ. ವಯಸ್ಸಾದವರು ಇರುವ ಮನೆಯಾದರೆ ಇವತ್ತೇ ಎದ್ದು ಹೋಗಿ ನೋಡಿ, ನಿಮ್ಮ ಬಚ್ಚಲಿನ ಬಾಗಿಲು ಯಾವ ಕಡೆ ತೆರೆಯುತ್ತದೆ?