ಬಟ್ಟೆಯ ಮನೆ

ಸಂಸ್ಕೃತದಲ್ಲಿ ಡೇರೆಗೆ ಹೆಸರುಗಳ ಕೊರತೆಯಿಲ್ಲ. ಅಮರಕೋಶವು ‘ದೂಷ್ಯ’ವೆಂಬ ಪದವನ್ನು ಬಟ್ಟೆಯ ಮನೆಯೆಂಬ ಅರ್ಥದಲ್ಲಿ ಹೇಳುತ್ತದೆ. ರಘುವಂಶದ ಐದನೆಯ ಸರ್ಗದಲ್ಲಿ ಇಂದುಮತಿಯ ಸ್ವಯಂವರಕ್ಕೆ ಹೊರಟ ಅಜನು ಮಾರ್ಗಮಧ್ಯದಲ್ಲಿ ‘ಉಪಕಾರ್ಯೆ’ಗಳಲ್ಲಿ, ಎಂದರೆ ರಾಜಯೋಗ್ಯವಾದ ಗುಡಾರಗಳಲ್ಲಿ, ತಂಗುತ್ತಾನೆ. ರಾಜಕುಮಾರನಿಗೆ ಗುಡಾರವನ್ನು ಹೂಡಿಕೊಡುವ ಪರಿಜನರಿದ್ದರು. ನಮ್ಮಂಥ ಗೃಹಸ್ಥರಾದರೋ ತಾವೇ ಹೊತ್ತು, ತಾವೇ ನಿಲ್ಲಿಸಿ, ಸೋರಿದರೆ ತಾವೇ ನೆನೆಯಬೇಕು. ಆದಕಾರಣ ಕೊಳ್ಳುವ ಮೊದಲೇ ವಿವೇಚಿಸುವುದು ಯುಕ್ತವು.

ವೈಟ್‌ಫೀಲ್ಡಿನಲ್ಲಿ ಮಗನ ಮನೆಗೆ ಬಂದು ನೆಲಸಿದ ಮೇಲೆ ಈ ವಿಚಾರವು ನನ್ನ ಪಾಲಿಗೆ ಬಂದಿತು. ಇಲ್ಲಿಯ ಕಂಪನಿಗಳಲ್ಲಿ ದುಡಿಯುವವರು ವಾರವೆಲ್ಲ ಗಾಜಿನ ಕಟ್ಟಡಗಳಲ್ಲಿ ಕುಳಿತು, ಶನಿವಾರ ಬಂದಿತೆಂದರೆ ಬಯಲನ್ನು ಅರಸಿಕೊಂಡು ಹೊರಡುತ್ತಾರೆ. ನನ್ನ ಮಗನೂ ಮಕ್ಕಳೊಡನೆ ಹೊರಡುವುದೆಂದು ನಿಶ್ಚಯಿಸಿದನು. ಉಪಾಧ್ಯಾಯನಾಗಿದ್ದಾಗ ಸ್ಕೌಟ್ ಬಾಲಕರೊಡನೆ ಎಷ್ಟೋ ರಾತ್ರಿಗಳನ್ನು ಗುಡಾರದಲ್ಲಿ ಕಳೆದವನೆಂದು, ಡೇರೆಯನ್ನು ಆರಿಸುವ ಕಾರ್ಯವನ್ನು ನನಗೇ ಒಪ್ಪಿಸಿದನು.

ಅಂದಿನ ಗುಡಾರಗಳು ದಪ್ಪ ಹತ್ತಿಯ ಕ್ಯಾನ್‌ವಾಸಿನವು. ನೆನೆದಾಗ ನೂಲು ಉಬ್ಬಿ ರಂಧ್ರಗಳನ್ನು ಮುಚ್ಚುತ್ತಿತ್ತು. ಆದರೆ ಹೊರುವುದಕ್ಕೆ ನಾಲ್ವರು ಬೇಕಾಗುತ್ತಿದ್ದರು. ಇಂದಿನ ಪಾಲಿಯೆಸ್ಟರ್ ಡೇರೆಯನ್ನು ಒಬ್ಬನೇ ಹೊತ್ತಾನು. ಅದರಲ್ಲಿ ಪರೀಕ್ಷಿಸತಕ್ಕ ಅಂಶಗಳು ಮೂರು.

ಮೊದಲನೆಯದು ನೀರು. ಅಂಗಡಿಯ ಚೀಟಿಯಲ್ಲಿ 1500, 2000, 3000 ಮಿಲಿಮೀಟರ್ ಎಂಬ ಅಂಕಿಗಳಿರುತ್ತವೆ. ಬಟ್ಟೆಯ ಮೇಲೆ ಅಷ್ಟೆತ್ತರದ ನೀರು ನಿಂತರೂ ಒಳಗೆ ಜಿನುಗದೆಂಬುದು ಅವುಗಳ ಅರ್ಥ. ಹೊರಹೊದಿಕೆಗೆ 1500ಕ್ಕಿಂತ ಕಡಿಮೆಯಿರಬಾರದು. ಮಲಗಿದವರ ಭಾರ ಬೀಳುವ ನೆಲಹಾಸಿಗೆ ಇನ್ನೂ ಹೆಚ್ಚು ಬೇಕು. ಹೊಲಿಗೆಗಳಿಗೆ ಒಳಗಿನಿಂದ ಪಟ್ಟಿ ಅಂಟಿಸಿದೆಯೇ ಎಂದು ನೋಡತಕ್ಕದ್ದು. ನೀರು ಬಟ್ಟೆಗಿಂತ ಮೊದಲು ಸೂಜಿಯ ರಂಧ್ರವನ್ನು ಹುಡುಕುತ್ತದೆ. ಎರಡು ಪದರದ ಡೇರೆಯೇ ಲೇಸು: ಉಸಿರಿನ ಆವಿಯು ಹೊರಪದರದ ಒಳಮೈಯಲ್ಲಿ ಹನಿಗಟ್ಟಿದರೂ ಮಲಗಿದವರ ಮೇಲೆ ತೊಟ್ಟಿಕ್ಕದು.

ಎರಡನೆಯದು ಗಾಳಿ. ಬೆಂಗಳೂರಿನ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ಮಳೆಯು ಬಿರುಗಾಳಿಯೊಡನೆಯೇ ಬರುವುದುಂಟು. ಅಗ್ಗದ ಡೇರೆಗಳ ಫೈಬರ್‌ಗ್ಲಾಸ್ ಕೋಲು ಸೀಳಿದರೆ ಕೈಗೆ ಸಿಬಿರು ಚುಚ್ಚುತ್ತದೆ. ಅಲ್ಯೂಮಿನಿಯಂ ಕೋಲು ಹಗುರ, ಬಾಗಿದರೂ ತಿದ್ದಿಕೊಂಡು ಆ ರಾತ್ರಿಯನ್ನು ಕಳೆಯಬಹುದು. ಆದರೆ ಸಿಡಿಲಿನಿಂದ ಯಾವ ಡೇರೆಯೂ ಕಾಪಾಡಲಾರದು. ಗುಡುಗು ಕೇಳಿಸಿದೊಡನೆ ಬೆಟ್ಟದಿಂದಿಳಿದು ಗಟ್ಟಿಯಾದ ಕಟ್ಟಡವನ್ನು ಸೇರತಕ್ಕದ್ದು.

ಮೂರನೆಯದು ನೆಲ. ನಮ್ಮ ಸುತ್ತಣ ನೆಲವು ಬೇಸಿಗೆಯಲ್ಲಿ ಇಟ್ಟಿಗೆಯಂತಾಗುವ ಕೆಮ್ಮಣ್ಣು, ಇಲ್ಲವೆ ಬರಿಯ ಹೆಬ್ಬಂಡೆ. ಡೇರೆಯೊಡನೆ ಕೊಡುವ ತೆಳುತಂತಿಯ ಗೂಟಗಳು ಇಲ್ಲಿ ಬಾಗಿಹೋಗುತ್ತವೆ. ಉಕ್ಕಿನ ಗೂಟಗಳನ್ನು ಬೇರೆಯಾಗಿ ಕೊಳ್ಳಬೇಕು. ಎರಡು ಕೋಲುಗಳು ನೆತ್ತಿಯಲ್ಲಿ ಅಡ್ಡಹಾಯ್ದು ನಿಲ್ಲುವ ಗುಮ್ಮಟದಂಥ ಡೇರೆಯಾದರೆ ಗೂಟವಿಳಿಯದ ಬಂಡೆಯ ಮೇಲೂ ನಿಂತೀತು. ಆಗಲೂ ಹಗ್ಗಗಳನ್ನು ಭಾರವಾದ ಕಲ್ಲುಗಳಿಗೆ ಕಟ್ಟದೆ ಬಿಡಬಾರದು.

‘ನಾಲ್ವರಿಗೆ’ ಎಂದು ಬರೆದಿರುವ ಡೇರೆಯಲ್ಲಿ ಮೂವರು ಸುಖವಾಗಿ ಮಲಗಬಹುದೆಂದು ತಿಳಿಯಿರಿ. ಹೊರಡುವ ಮೊದಲು ಮನೆಯಲ್ಲೇ ಹೂಡಿ ನೋಡುವುದು ಒಳ್ಳೆಯದು. ನಾವು ತಾರಸಿಯ ಮೇಲೆ ಎರಡು ಬಾರಿ ಹೂಡಿ ಬಿಚ್ಚಿದೆವು. ಎರಡನೆಯ ಸಲ ಹನ್ನೆರಡು ವರ್ಷದ ಮೊಮ್ಮಗಳೇ ತನ್ನ ತಮ್ಮನ ನೆರವಿನಿಂದ ಕಾಲು ಗಂಟೆಯೊಳಗೆ ನಿಲ್ಲಿಸಿದಳು. ಹಿಂತಿರುಗಿದ ಮೇಲೆ ಪೂರ್ಣವಾಗಿ ಒಣಗಿಸಿಯೇ ಮಡಿಸತಕ್ಕದ್ದು. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ, ಒಳಲೇಪವು ಅಂಟಂಟಾಗಿ ಕಿತ್ತುಬರುತ್ತದೆ.

ಆ ತಾರಸಿಯಿಂದ ಬೇರೆ ಡೇರೆಗಳೂ ಕಾಣಿಸುತ್ತವೆ. ಎದುರಿಗೆ ಏಳುತ್ತಿರುವ ಹದಿನಾಲ್ಕು ಅಂತಸ್ತಿನ ಕಟ್ಟಡದ ಮಗ್ಗುಲಲ್ಲಿ, ಯಾದಗಿರಿ ರಾಯಚೂರುಗಳ ಕಡೆಯಿಂದ ಬಂದ ಕೂಲಿಗಾರರು ಬಿದಿರಿನ ಮೇಲೆ ನೀಲಿಯ ಶೀಟು ಹೊದಿಸಿಕೊಂಡು ಸಂಸಾರ ಮಾಡುತ್ತಿದ್ದಾರೆ. ಒಂದು ಸಂಜೆ ಅಲ್ಲಿಯ ತರುಣಿಯೊಬ್ಬಳು ಹಗ್ಗ ಬಿಗಿಯುತ್ತಿದ್ದುದನ್ನು ಕಂಡು ಮಾತನಾಡಿಸಿದೆನು. “ನಡುವ ಎತ್ತರ ಇರಬೇಕ್ರಿ ಅಜ್ಜಾರ, ತಗ್ಗಾದ್ರ ನೀರು ನಿಂತು ಶೀಟು ಹರೀತದ. ಸುತ್ತ ಕಾಲುವಿ ತೆಗೀಲಿಲ್ಲಂದ್ರ ಹಾಸಿಗಿ ತೇಲ್ತದ” ಎಂದಳು. ಶೀಟು ಎಷ್ಟು ದಿನ ಬಾಳುತ್ತದೆಂದು ಕೇಳಿದೆನು. “ಒಂದ್ ಬ್ಯಾಸಗಿ ಕಂಡ್ರ ಪುಡಿ ಆಗ್ತದ್ರಿ” ಎಂದಳು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಪ್ಲಾಸ್ಟಿಕ್ಕನ್ನು ಜೀರ್ಣಮಾಡುತ್ತವೆಂದು ನಾನು ಪುಸ್ತಕದಲ್ಲಿ ಓದಿದ್ದೆನು. ಆಕೆ ಅದನ್ನು ತನ್ನ ತಲೆಯ ಮೇಲೆಯೇ ಕಂಡಿದ್ದಳು.

ಕಟ್ಟಡ ಕಾರ್ಮಿಕರಿಗೆ ಕೆಲಸದ ಸ್ಥಳದಲ್ಲಾಗಲಿ ಅದಕ್ಕೆ ಸಮೀಪದಲ್ಲಾಗಲಿ ಬಾಡಿಗೆಯಿಲ್ಲದ ವಸತಿಯನ್ನೂ, ಅಡಿಗೆ ಸ್ನಾನ ಶೌಚಗಳ ಅನುಕೂಲವನ್ನೂ ಕೆಲಸ ಮಾಡಿಸುವವನೇ ಒದಗಿಸಬೇಕೆಂದು 1996ರ ಕೇಂದ್ರ ಕಾಯಿದೆಯು ವಿಧಿಸಿತು. ಅದಾಗಿ ಒಂದು ತಲೆಮಾರೇ ಕಳೆದರೂ ನೀಲಿಯ ಶೀಟುಗಳು ನಮ್ಮ ಕಣ್ಣಮುಂದೆಯೇ ಇವೆ.

ನಮ್ಮ ಮಕ್ಕಳು ಬಯಲಿನಲ್ಲಿ ಒಂದು ರಾತ್ರಿ ಮಲಗುವುದು ಬೇಡವೆಂದು ನಾನು ಹೇಳುವುದಿಲ್ಲ. ಅರಣ್ಯವಾದರೆ ಇಲಾಖೆಯ ಅನುಮತಿ ಪಡೆದು, ಡೇರೆಯೊಳಗೆ ಒಲೆ ಹೊತ್ತಿಸದೆ, ಅವಶ್ಯವಾಗಿ ಹೋಗಿಬರಲಿ. ಡೇರೆಯು ವಿನೋದವಾಗುವುದು ಹಿಂತಿರುಗಲು ಮನೆಯುಳ್ಳವನಿಗೆ ಮಾತ್ರವೆಂಬುದನ್ನು ಹಿರಿಯರು ಅವರಿಗೆ ತಿಳಿಸಿಕೊಡಲಿ. ಹೊಸ ಮನೆಗೆ ಮುಂಗಡ ಕೊಡಲು ಹೋಗುವ ಗೃಹಸ್ಥರು ಸ್ನಾನಗೃಹದ ಕಲ್ಲು ಯಾವುದು, ಕಾರು ನಿಲ್ಲಿಸುವ ಜಾಗವೆಷ್ಟು ಎಂದು ವಿಚಾರಿಸುತ್ತಾರಷ್ಟೆ. ಅದರೊಡನೆ, ಇದನ್ನು ಕಟ್ಟುವವರು ಎಲ್ಲಿ ಮಲಗುತ್ತಾರೆಂಬ ಇನ್ನೊಂದು ಪ್ರಶ್ನೆಯನ್ನೂ ಕೇಳಲಿ. ಹಣ ಕೊಡುವವನು ಕೇಳಿದ ಪ್ರಶ್ನೆಗೆ ಉತ್ತರ ಹುಡುಕದ ವ್ಯಾಪಾರಿಯನ್ನು ನಾನು ಇದುವರೆಗೆ ಕಂಡಿಲ್ಲ.